ಪಟ್ಟಿಯಲ್ಲಿ ಇಲ್ಲದ ತಲೆಗಳು

ಹೋದ ವರ್ಷ ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಅವ್ವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸುಳ್ಳದಿಂದ ಹುಬ್ಬಳ್ಳಿಗೆ ಹೊರಟಿದ್ದೆ. ನಮ್ಮ ಕಡೆಯ ಎರಿ ಮಣ್ಣಿನ ಗುಣ ಬಲ್ಲವರಿಗೆ ಮುಂದೇನಾಯಿತು ಎಂದು ಬಿಡಿಸಿ ಹೇಳಬೇಕಿಲ್ಲ. ಟ್ರ್ಯಾಕ್ಟರಿನ ಗಾಲಿಗಳು ಹೊಲದಿಂದ ಎಳೆದು ತಂದ ಮಣ್ಣು ಡಾಂಬರಿನ ಮೇಲೆ ಬೆಣ್ಣೆಯಂತೆ ಹರಡಿಕೊಂಡಿತ್ತು. ಗಾಡಿ ಜಾರಿತು. ವೇಗ ಹೆಚ್ಚಿರಲಿಲ್ಲ, ನನಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಅವ್ವನ ತಲೆ ನೆಲಕ್ಕೆ ತಾಗುವ ಮೊದಲೇ ಅವಳ ಹೆಲ್ಮೆಟ್ ಕಳಚಿಕೊಂಡು ಉರುಳಿ ಹೋಗಿ ಹೊಲದ ಬದುವಿನಲ್ಲಿ ನಿಂತಿತ್ತು. ಗದ್ದದ ಪಟ್ಟಿ ಹಾಕಿಯೇ ಇತ್ತು. ಅವಳ ಹುಬ್ಬಿನ ಮೇಲೆ ಏಳು ಹೊಲಿಗೆ ಬಿದ್ದವು.

ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನ ಊರಿನ ಟೇಲರ್ ಕಾಕಾನ ಹತ್ತಿರ ಟೇಪು ಇಸಿದುಕೊಂಡು ಇಬ್ಬರ ತಲೆಯನ್ನೂ ಅಳೆದೆ. ಹುಬ್ಬಿನ ಮೇಲಿನಿಂದ ಹಿಂದಲೆಯ ಉಬ್ಬಿನವರೆಗೆ ಸುತ್ತಿದರೆ ಅವ್ವನದು 52 ಸೆಂಟಿಮೀಟರ್, ನನ್ನದು 64. ಕಳಚಿ ಹೋದ ಹೆಲ್ಮೆಟ್ಟಿನ ಒಳಗಿನ ಚೀಟಿಯ ಮೇಲೆ 580 ಎಂದು ಅಚ್ಚಾಗಿತ್ತು. ಅಂದರೆ 58 ಸೆಂಟಿಮೀಟರ್. ಅವ್ವನ ತಲೆಯ ಸುತ್ತ ಆರು ಸೆಂಟಿಮೀಟರಿನಷ್ಟು ಗಾಳಿಯನ್ನು ಪಟ್ಟಿ ಹಾಕಿ ಬಿಗಿದಿದ್ದೆವು.

ಆಮೇಲೆ ನಾವಿಬ್ಬರೂ ಹುಬ್ಬಳ್ಳಿಯ ಅಂಗಡಿಗಳನ್ನು ಸುತ್ತಿದೆವು. ಒಂದು ಅಂಗಡಿಯವನು ಅವ್ವನಿಗೆ, "ಯವ್ವಾ, ನಿಮಗ ಸಣ್ಣ ಹುಡುಗರದ್ದ ಬರ್ತದ ನೋಡ್ರಿ," ಎಂದು ಕಾರ್ಟೂನ್ ಚಿತ್ರದ ಗುಲಾಬಿ ಬಣ್ಣದ ಹೆಲ್ಮೆಟ್ ತೋರಿಸಿದ. ಅರವತ್ತರ ಹತ್ತಿರ ಬಂದ ಹೆಣ್ಣುಮಗಳು ಅದನ್ನು ಕೈಯಲ್ಲಿ ಹಿಡಿದು ನಗಬೇಕೋ ಬೈಯಬೇಕೋ ತಿಳಿಯದೆ ನಿಂತಳು. ನನಗೆ ಸಿಕ್ಕ ಉತ್ತರ ಇನ್ನೂ ಚಿಕ್ಕದು: "ಸರ, ಇದರ ಮ್ಯಾಲಿಂದು ಬರಂಗಿಲ್ಲ." ಕಡೆಗೆ ಸೀಟಿನ ಕವರ್ ಹೊಲಿಯುವ ಒಬ್ಬ ನನ್ನ ಹಳೆಯ ಹೆಲ್ಮೆಟ್ಟನ್ನು ತಿರುಗಿಸಿ ನೋಡಿ, "ಒಳಗಿನ ಥರ್ಮಾಕೋಲ್ ಒಂಚೂರ ಕೆರದ ಕೊಡ್ತೀನ್ರಿ, ಆರಾಮ ಕುಂದರತದ," ಎಂದ. ಅವನ ಮಾತಿನಲ್ಲಿ ಕರುಣೆ ಇತ್ತು. ಅದೇ ಮಾತು ಈ ಬರಹಕ್ಕೆ ಕಾರಣ.

ನನ್ನ ಸಂಶೋಧನೆ ಕನ್ನಡ ಶಾಸನಗಳಲ್ಲಿ ಬರುವ ಅಳತೆಗಳ ಕುರಿತದ್ದು. ಹಗಲೆಲ್ಲ ಮತ್ತರು, ಗಳೆ, ಗೇಣುಗಳ ನಡುವೆ ಇರುವವನಿಗೆ ತನ್ನ ತಲೆಯ ಅಳತೆಯೇ ಲೆಕ್ಕಕ್ಕೆ ಸಿಗದೇ ಹೋದದ್ದು ತಮಾಷೆಯಾಗಿ ಕಂಡಿತು. ದೇಹ ಅಳತೆಗೆ ಹೊಂದಬೇಕು ಎಂಬ ಮಾತು ಯಾವಾಗ ಶುರುವಾಯಿತು? ಬಹುಕಾಲ ಅಳತೆಯೇ ದೇಹದಿಂದ ಹುಟ್ಟುತ್ತಿತ್ತಲ್ಲ.

ಬೆರಳು, ಗೇಣು, ಮೊಳ, ಮಾರು ಎಲ್ಲವೂ ಮೈಯ ಭಾಗಗಳೇ. ಹೂವಾಡಗಿತ್ತಿಯ ಮೊಳ ಈಗಲೂ ಅವಳ ತೋಳಿನಷ್ಟೇ ಉದ್ದ. ಶಾಸನಗಳಲ್ಲಿ ಭೂಮಿ ಅಳೆಯುವ ಕೋಲಿಗೆ ಗಳೆ ಎಂಬ ಹೆಸರಿದೆ. ಎಲ್ಲ ಊರಿಗೂ ಒಂದೇ ಗಳೆ ಇರಲಿಲ್ಲ. ಆದ್ದರಿಂದಲೇ ದಾನ ಬರೆಸುವವರು ಯಾವ ಗಳೆಯಿಂದ ಅಳೆದದ್ದೆಂದು ಹೇಳಬೇಕಾಗುತ್ತಿತ್ತು. 'ಭೇರುಂಡ ಗಳೆ' ಅಂಥ ಒಂದು ಹೆಸರು. ಒಂದೂರಿನ ಮತ್ತರು ಇನ್ನೊಂದೂರಿನ ಮತ್ತರಿಗೆ ಸಮ ಎಂದು ಹೇಳಲಾಗದು. ಇದರಿಂದ ಮೋಸವೂ ಜಗಳವೂ ಆಗುತ್ತಿದ್ದಿರಬೇಕು. ಹಳೆಯದೆಲ್ಲ ಚೆಂದವಿತ್ತು ಎಂದು ನಾನು ಹೇಳುತ್ತಿಲ್ಲ. ದೇಶಕ್ಕೆಲ್ಲ ಒಂದೇ ಮೀಟರ್, ಒಂದೇ ಕಿಲೋ ಎಂದು 1956ರ ಕಾಯ್ದೆ ಹೇಳಿದ್ದು ಸಂತೆಯಲ್ಲಿ ಕೊಳ್ಳುವ ಬಡವನಿಗೆ ಉಪಕಾರವೇ ಆಯಿತು.

ಉಡುಪಿನ ಮಾತು ಬೇರೆ. ನಮ್ಮ ಹಿರಿಯರು ಉಟ್ಟದ್ದರಲ್ಲಿ ಹೆಚ್ಚಿನದು ಹೊಲಿಗೆ ಇಲ್ಲದ ಬಟ್ಟೆ. ಧೋತರಕ್ಕೆ ಸೊಂಟದ ಅಳತೆ ಇಲ್ಲ. ಇಳಕಲ್ ಸೀರೆ ತೆಳ್ಳಗಿನ ಮದುಮಗಳಿಗೂ ಆಗುತ್ತದೆ, ಅವಳೇ ಮೂರು ಮಕ್ಕಳ ತಾಯಿಯಾದಾಗಲೂ ಆಗುತ್ತದೆ. ಮಳೆಯಲ್ಲಿ ಕಂಬಳಿಯನ್ನು ಮಡಚಿ ತಲೆಯ ಮೇಲೆ ಕೊಪ್ಪೆ ಮಾಡಿಕೊಂಡರೆ ಅದು ಯಾರ ತಲೆಗೂ ಸರಿ. ಅಜ್ಜ ಸುತ್ತುತ್ತಿದ್ದ ರುಮಾಲು ನನ್ನ 64ಕ್ಕೂ ಅವ್ವನ 52ಕ್ಕೂ ಒಂದೇ ಬಟ್ಟೆ. ಎರಡು ಸುತ್ತು ಹೆಚ್ಚು ಕಡಿಮೆ ಆಗಬಹುದು, ಅಷ್ಟೆ.

ಹೊಲಿಗೆಯ ಬಟ್ಟೆ ಬಂದ ಕಡೆ ಹೊಲಿಯುವವನೂ ಇದ್ದ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನಿದ್ದಾನೆ. ನಮ್ಮ ಸೀಮೆಯಲ್ಲಿ ಸಿಂಪಿಗರ ಮನೆ ಇಲ್ಲದ ದೊಡ್ಡ ಊರು ಅಪರೂಪ. ಸಿಂಪಿಗನ ಮುಂದೆ ನಿಂತವನು ಗೂನುಬೆನ್ನಿನವನಾಗಿರಲಿ, ಡೊಳ್ಳುಹೊಟ್ಟೆಯವನಾಗಿರಲಿ, ಒಂದು ಭುಜ ಇಳಿಬಿದ್ದವನಾಗಿರಲಿ, ಅವನ ಮೈ ತಪ್ಪು ಎಂದು ಯಾರೂ ಹೇಳುತ್ತಿರಲಿಲ್ಲ. ಟೇಪು ಅವನ ಮೈ ಸುತ್ತಿಯೇ ಬರಬೇಕು. ಕಾಲಿಗೆ ಕೆರ ಮಾಡುವವರದೂ ಅದೇ ರೀತಿ. ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿದ ಕಥೆಯನ್ನು ಭಕ್ತಿಯ ಪರಾಕಾಷ್ಠೆಯಾಗಿ ಕೇಳುತ್ತ ಬಂದಿದ್ದೇವೆ. ಒಬ್ಬರ ಪಾದಕ್ಕಾಗಿಯೇ ಮಾಡಿದ ಜೋಡು ಎಂಬ ಕಾಯಕದ ಪ್ರಜ್ಞೆಯೂ ಅದರ ಒಳಗೆ ಇದೆ.

ಇಂತಿಷ್ಟು ಸೈಜುಗಳಲ್ಲಿ ಮೊದಲೇ ಹೊಲಿದಿಟ್ಟು, ಕೊಳ್ಳುವವನು ಬಂದು ಅದರೊಳಗೆ ತೂರಿಕೊಳ್ಳುವ ಪದ್ಧತಿ ಬೆಳೆದದ್ದು ಸೈನ್ಯದ ದೆಸೆಯಿಂದ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಲಕ್ಷಾಂತರ ಸೈನಿಕರಿಗೆ ಸಮವಸ್ತ್ರ ಬೇಕಾಯಿತು. ಒಬ್ಬೊಬ್ಬರನ್ನೇ ನಿಲ್ಲಿಸಿ ಹೊಲಿಯಲು ಸಮಯವಿರಲಿಲ್ಲ. ಸೈನಿಕರ ಅಳತೆಗಳನ್ನು ಒಟ್ಟು ಹಾಕಿದಾಗ ಎದೆಯ ಸುತ್ತಳತೆಗೂ ಸೊಂಟ, ತೋಳುಗಳಿಗೂ ಒಂದು ಸಾಮಾನ್ಯ ಸಂಬಂಧ ಕಂಡಿತು. ಅದರಿಂದ ಕೆಲವೇ ಸೈಜುಗಳ ಪಟ್ಟಿ ಹುಟ್ಟಿತು. ಯುದ್ಧ ಮುಗಿದ ಮೇಲೆ ಗಂಡಸರ ಸಿದ್ಧ ಉಡುಪಿನ ಕಾರ್ಖಾನೆಗಳು ಅದೇ ದಾರಿಯಲ್ಲಿ ನಡೆದವು.

ಆ ಯುದ್ಧಕ್ಕೂ ನಮ್ಮ ನೆಲಕ್ಕೂ ಒಂದು ನಂಟಿದೆ. ಅಮೆರಿಕದ ಹತ್ತಿ ನಿಂತುಹೋದಾಗ ಲ್ಯಾಂಕಶೈರಿನ ಗಿರಣಿಗಳು ಮುಂಬಯಿ ಪ್ರಾಂತ್ಯದ ಕಡೆ ತಿರುಗಿದವು. ಅದಕ್ಕೂ ಮೊದಲೇ ಧಾರವಾಡ ಸೀಮೆಯ ಎರಿ ಹೊಲಗಳಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿ ಬೇರೂರಿತ್ತು. ವ್ಯಾಪಾರಿಗಳ ಬಾಯಲ್ಲಿ ಅದು 'ಧಾರವಾಡ ಅಮೆರಿಕನ್' ಎಂದೇ ಹೆಸರಾಯಿತು. ಇಲ್ಲಿನ ಅರಳೆ ಸಮುದ್ರ ದಾಟಿ ಗಿರಣಿಗೆ ಹೋಗುತ್ತಿದ್ದ ಅದೇ ವರ್ಷಗಳಲ್ಲಿ, ಭೂಮಿಯ ಇನ್ನೊಂದು ತುದಿಯಲ್ಲಿ ಮನುಷ್ಯನನ್ನು ಸೈಜುಗಳಾಗಿ ವಿಂಗಡಿಸುವ ಕೆಲಸ ನಡೆದಿತ್ತು.

ಪಟ್ಟಿಯ ಹಿಂದೆ ಒಂದು ತತ್ವವೂ ಇತ್ತು. ಬೆಲ್ಜಿಯಂನ ಖಗೋಳಶಾಸ್ತ್ರಜ್ಞ ಅಡಾಲ್ಫ್ ಕೆಟ್ಲೆ 1835ರಲ್ಲಿ 'ಸರಾಸರಿ ಮನುಷ್ಯ' ಎಂಬ ಕಲ್ಪನೆಯನ್ನು ಮುಂದಿಟ್ಟ. ಮುಂದೆ 5,738 ಸ್ಕಾಟಿಷ್ ಸೈನಿಕರ ಎದೆಯ ಸುತ್ತಳತೆಗಳನ್ನು ತೆಗೆದುಕೊಂಡು, ನಿಸರ್ಗಕ್ಕೆ ಒಂದು ಗುರಿ ಇದೆ, ನಾವೆಲ್ಲ ಅದರ ಆಚೀಚೆ ಬಿದ್ದ ಬಾಣಗಳು ಎನ್ನುವ ಅರ್ಥದಲ್ಲಿ ವಾದಿಸಿದ. ನಕ್ಷತ್ರದ ಸ್ಥಾನ ಅಳೆಯುವಾಗ ಆಗುವ ದೋಷದ ಲೆಕ್ಕವನ್ನೇ ಅವನು ಮನುಷ್ಯರಿಗೆ ತಂದದ್ದು. ಆ ಲೆಕ್ಕದಲ್ಲಿ ನನ್ನ ತಲೆ ಒಂದು ದೋಷ.

ಈ ಸರಾಸರಿ ಮನುಷ್ಯನನ್ನು ಹುಡುಕಿಕೊಂಡು ಹೊರಟವರಿಗೆ ಅವನು ಸಿಗಲಿಲ್ಲ ಎಂಬುದು ಇಪ್ಪತ್ತನೆಯ ಶತಮಾನದ ಕಥೆ. ಅಮೆರಿಕದ ವಾಯುಪಡೆಯ ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವ ಸಂಶೋಧಕ 4,063 ಪೈಲಟ್‌ಗಳ ಅಳತೆಗಳಲ್ಲಿ ಹತ್ತನ್ನು ಆರಿಸಿಕೊಂಡು, ಹತ್ತರಲ್ಲೂ ಸರಾಸರಿಯ ಹತ್ತಿರ ಇರುವವರು ಎಷ್ಟು ಮಂದಿ ಎಂದು ಎಣಿಸಿದ. 1952ರಲ್ಲಿ ಅವನು ಕೊಟ್ಟ ಉತ್ತರ: ಒಬ್ಬರೂ ಇಲ್ಲ. ಕೈ ಉದ್ದ ಇದ್ದವನ ಕಾಲು ಗಿಡ್ಡ, ಎದೆ ಸರಿ ಇದ್ದವನ ಸೊಂಟ ದಪ್ಪ. ಸರಾಸರಿ ಪೈಲಟ್‌ನಿಗಾಗಿ ಮಾಡಿದ ವಿಮಾನದ ಆಸನ ನಿಜವಾಗಿ ಯಾರಿಗೂ ಮಾಡಿದ್ದಲ್ಲ ಎಂದಾಯಿತು. ಹಿಂದೆ ಮುಂದೆ ಸರಿಸಬಲ್ಲ ಸೀಟು, ಬಿಗಿ ಸಡಿಲ ಮಾಡಬಲ್ಲ ಪಟ್ಟಿಗಳ ಕಡೆಗೆ ವಿನ್ಯಾಸಕಾರರು ಹೊರಳಲು ಇಂಥ ತಿಳಿವಳಿಕೆ ಕಾರಣವಾಯಿತು.

ಯಾರನ್ನು ಅಳೆದರು ಎಂಬುದೂ ಮುಖ್ಯ. 1939–40ರಲ್ಲಿ ಅಮೆರಿಕದ ಕೃಷಿ ಇಲಾಖೆ ಸುಮಾರು 15,000 ಹೆಂಗಸರನ್ನು, ಒಬ್ಬೊಬ್ಬರನ್ನು 59 ಕಡೆ ಅಳೆಸಿತು. ಹೆಂಗಸರ ಸಿದ್ಧ ಉಡುಪಿನ ಸೈಜುಗಳಿಗೆ ಇದು ಅಡಿಪಾಯ. ಆದರೆ ಬಿಳಿಯರಲ್ಲದ ಹೆಂಗಸರ ಅಳತೆಗಳನ್ನು ಲೆಕ್ಕದಿಂದ ಕೈಬಿಟ್ಟಿದ್ದರು. ಭಾರತದಲ್ಲಿ ನಮ್ಮದೇ ಮೈಗಳ ಅಳತೆಪಟ್ಟಿ ಬೇಕೆಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ 'ಇಂಡಿಯಾ ಸೈಜ್' ಎಂಬ ಸಮೀಕ್ಷೆಯನ್ನು ಕೈಗೆತ್ತಿಕೊಂಡದ್ದು ತೀರ ಈಚೆಗೆ. 15ರಿಂದ 65 ವಯಸ್ಸಿನ 25,000ಕ್ಕೂ ಹೆಚ್ಚು ಜನರನ್ನು ಸ್ಕ್ಯಾನರ್ ಯಂತ್ರದಿಂದ ಅಳೆಯುವುದು ಅದರ ಯೋಜನೆ. ಆರಿಸಿದ ಆರು ನಗರಗಳಲ್ಲಿ ಬೆಂಗಳೂರೂ ಒಂದು. ಅಲ್ಲಿಯವರೆಗೆ ನಮ್ಮ ಅಂಗಿಯ ಮೇಲಿನ ಎಲ್, ಎಕ್ಸೆಲ್‌ಗಳು ಎರವಲು ತಂದ ಅಕ್ಷರಗಳೇ ಆಗಿದ್ದವು.

ಹೆಲ್ಮೆಟ್ಟಿನ ಇತಿಹಾಸ ಬೇರೆ ಕಡೆಯಿಂದ ಬರುತ್ತದೆ. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಮೈದಾನದ ವೈದ್ಯ ಎರಿಕ್ ಗಾರ್ಡ್‌ನರ್ ತಲೆ ಒಡೆದುಕೊಂಡ ಸವಾರರನ್ನು ನೋಡಿ ಬೇಸತ್ತು, ಕ್ಯಾನ್ವಾಸಿಗೆ ಅರಗಿನ ಲೇಪ ಕೊಟ್ಟ ಗಟ್ಟಿ ಟೊಪ್ಪಿಗೆ ಮಾಡಿಸಿದ. 1914ರ ಐಲ್ ಆಫ್ ಮ್ಯಾನ್ ರೇಸಿನಲ್ಲಿ ಅದನ್ನು ಸವಾರರು ಹಾಕಿಕೊಳ್ಳಬೇಕಾಯಿತು. 1935ರ ಮೇ ತಿಂಗಳಲ್ಲಿ 'ಅರೇಬಿಯಾದ ಲಾರೆನ್ಸ್' ಎಂದು ಹೆಸರಾದ ಟಿ.ಇ. ಲಾರೆನ್ಸ್ ಮೋಟಾರ್‌ಸೈಕಲ್ಲಿನಿಂದ ಬಿದ್ದು ಆರು ದಿನಗಳ ಮೇಲೆ ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರಚಿಕಿತ್ಸಕನೂ ಇದ್ದ. ಆ ಸಾವು ಅವನನ್ನು ಬಿಡಲಿಲ್ಲ. ಯುದ್ಧ ಶುರುವಾದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 2,279 ಮೋಟಾರ್‌ಸೈಕಲ್ ಸವಾರರು ಸತ್ತರೆಂಬ ಲೆಕ್ಕದೊಂದಿಗೆ 1941ರಲ್ಲಿ ಅವನು ಬರೆದ ಲೇಖನ ಹೆಲ್ಮೆಟ್ ಪರವಾದ ಮೊದಲ ಗಟ್ಟಿ ವೈದ್ಯಕೀಯ ವಾದ. ಅದೇ ವರ್ಷ ಬ್ರಿಟಿಷ್ ಸೈನ್ಯ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು.

ಇಂದಿನ ಹೆಲ್ಮೆಟ್ಟಿನ ಜೀವ ಹೊರಗಿನ ಗಟ್ಟಿ ಚಿಪ್ಪಿನಲ್ಲಿ ಮಾತ್ರ ಇಲ್ಲ. ಒಳಗಿನ ಥರ್ಮಾಕೋಲಿನಂಥ ಪದರದಲ್ಲಿದೆ. ಪೆಟ್ಟು ಬಿದ್ದಾಗ ಆ ಪದರ ನಜ್ಜುಗುಜ್ಜಾಗುತ್ತ ತಲೆ ನಿಲ್ಲುವ ಹೊತ್ತನ್ನು ಸ್ವಲ್ಪ ಉದ್ದ ಮಾಡುತ್ತದೆ. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಆ ಹೊತ್ತಿನಲ್ಲೇ ಮಿದುಳು ಉಳಿಯುವುದು. ಆದ್ದರಿಂದ ಪದರದ ದಪ್ಪ, ಗಡಸು ಎರಡಕ್ಕೂ ಲೆಕ್ಕವಿದೆ. ಅದು ತಲೆಗೆ ಒತ್ತಿಕೊಂಡು ಕೂತಿರಬೇಕು. ಸಡಿಲವಾದರೆ ಬೀಳುವಾಗ ತಿರುಗುತ್ತದೆ, ಇಲ್ಲವೇ ಅವ್ವನದರಂತೆ ಕಳಚಿ ಹೋಗುತ್ತದೆ. ಬಿಗಿಯಾದರೆ ನೆತ್ತಿಯ ಮೇಲೆ ಏರಿ ಕೂತು ಹಣೆಯನ್ನು ತೆರೆದಿಡುತ್ತದೆ. ಅರ್ಧ ಗಂಟೆಯಲ್ಲಿ ಹಣೆ ಸಿಡಿದು, ಸವಾರ ಅದನ್ನು ತೆಗೆದು ಕನ್ನಡಿಗೆ ತೂಗುಹಾಕುತ್ತಾನೆ. ಜಾಕೆಟ್ಟಿನ ಕಥೆಯೂ ಇದೇ. ಮೊಣಕೈಗೆಂದು ಇಟ್ಟ ಗಟ್ಟಿ ಗುರಾಣಿ ಸಡಿಲ ತೋಳಿನಲ್ಲಿ ಜಾರಿ ಮುಂಗೈಗೆ ಬಂದಿದ್ದರೆ ನೆಲಕ್ಕೆ ತಾಗುವುದು ಬರಿ ಮೊಣಕೈಯೇ.

ಸೀಟು ಹೊಲಿಯುವವನ ಕರುಣೆಯ ಮಾತಿಗೆ ಈಗ ಬರುತ್ತೇನೆ. ಸಿದ್ಧ ಉಡುಪು ಬಂದಾಗಲೂ ಟೇಲರ್ ಸಾಯಲಿಲ್ಲ. ಉದ್ದವಾದ ಪ್ಯಾಂಟಿನ ಕಾಲು ಮಡಚಿ ಹೊಲಿದ, ಬಿಗಿಯಾದ ಕುಬುಸದ ಒಳಹೊಲಿಗೆ ಬಿಚ್ಚಿ ಸಡಿಲ ಮಾಡಿದ. ಪಟ್ಟಿಯ ಹೊರಗೆ ಉಳಿದ ಮೈಗಳನ್ನು ಅವನು ಸದ್ದಿಲ್ಲದೆ ಪಟ್ಟಿಯೊಳಗೆ ಸೇರಿಸುತ್ತ ಬಂದ. ಸೈಜಿನ ಪದ್ಧತಿಯ ಕ್ರೌರ್ಯ ನಮಗೆ ಅಷ್ಟಾಗಿ ತಾಗದೇ ಇರಲು ಗಲ್ಲಿಗೊಬ್ಬನಿದ್ದ ಆ ಟೇಲರ್ ಕಾರಣ. ಹೆಲ್ಮೆಟ್ಟಿನ ಮುಂದೆ ಅವನ ಕೈ ನಿಲ್ಲುತ್ತದೆ. ಕುಬುಸದ ಹೊಲಿಗೆ ಬಿಚ್ಚಿದರೆ ಕುಬುಸ ಸಡಿಲವಾಗುತ್ತದೆ. ಹೆಲ್ಮೆಟ್ಟಿನ ಪದರ ಕೆರೆದರೆ ನನ್ನ ತಲೆ ಆರಾಮವಾಗಿ ಒಳಗೆ ಹೋಗುತ್ತದೆ, ಬಿದ್ದ ದಿನ ಅಲ್ಲಿ ಪದರ ಇರುವುದಿಲ್ಲ. ನಮ್ಮ ಪರಂಪರೆಯಲ್ಲಿ ಮನೆಯಲ್ಲೋ ಗಲ್ಲಿಯಲ್ಲೋ ತಿದ್ದಿಕೊಳ್ಳಲು ಆಗದ ಉಡುಪು ಎಂದರೆ ಇದೇ ಇರಬೇಕು. ತಿದ್ದಲು ಬರದ ವಸ್ತುವಾದರೆ ಮಾಡುವಾಗಲೇ ಎಲ್ಲರಿಗೂ ಮಾಡಬೇಕು.

ಕಾನೂನು ಏನು ಹೇಳುತ್ತದೆ ನೋಡಿ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಸವಾರನಿಗೂ ಹಿಂಬದಿಯವರಿಗೂ ಹೆಲ್ಮೆಟ್ ಇರಬೇಕೆನ್ನುತ್ತದೆ. ಕರ್ನಾಟಕದಲ್ಲಿ ಹಿಂದೆ ಕೂರುವವರಿಗೆ ಅದು ಬಿಗಿಯಾಗಿ ಜಾರಿಗೆ ಬಂದದ್ದು 2016ರ ಜನವರಿಯಲ್ಲಿ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾಡುವುದೂ ಮಾರುವುದೂ ದೇಶದಲ್ಲಿ ನಿಷಿದ್ಧ. ಪೇಟ ಸುತ್ತಿದ ಸಿಖ್ಖರಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ರುಮಾಲು ಸುತ್ತಿದ ನಮ್ಮೂರ ರೈತನಿಗೆ ಇಲ್ಲ, ಅವನು ಅದನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹೆಲ್ಮೆಟ್ ಧರಿಸಬೇಕು. ಈ ನಿಯಮಗಳ ಮೇಲೆ ನನಗೆ ತಕರಾರಿಲ್ಲ. ಅವ್ವನ ಹುಬ್ಬಿನ ಗಾಯ ನೋಡಿದವನು ತಕರಾರು ಮಾಡಲಾರ. ಧರಿಸುವುದು ಕಡ್ಡಾಯ ಎಂದವರು ಧರಿಸುವಂಥದ್ದು ಸಿಗುವುದನ್ನೂ ನೋಡಿಕೊಳ್ಳಬೇಕು ಎಂಬುದಷ್ಟೇ ನನ್ನ ಮಾತು. ಯುರೋಪಿನ ನಿಯಮದಂತೆ ಹೆಲ್ಮೆಟ್ ಪರೀಕ್ಷಿಸುವ ಕೃತಕ ತಲೆಗಳ ಸುತ್ತಳತೆ 50ರಿಂದ 62 ಸೆಂಟಿಮೀಟರಿನವರೆಗೆ ಇದೆ. ಅವ್ವನ 52 ಆ ಸಾಲಿನಲ್ಲಿ ಆರಾಮವಾಗಿ ಬರುತ್ತದೆ. ಪರೀಕ್ಷೆಯಲ್ಲಿ ಜಾಗ ಇರುವ ತಲೆಗೆ ಅಂಗಡಿಯಲ್ಲಿ ಜಾಗ ಇಲ್ಲ. ನನ್ನ 64ಕ್ಕೆ ಆ ಸಾಲಿನಲ್ಲೂ ಜಾಗ ಇಲ್ಲ.

ಐಎಸ್‌ಐ ಗುರುತಿನ ಮಾತು ಬಂದಾಗ ನನಗೆ ಹುಬ್ಬಳ್ಳಿಯ ಬೆಂಗೇರಿ ನೆನಪಾಗುತ್ತದೆ. ಅಲ್ಲಿನ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಮಾನಕ ಸಂಸ್ಥೆಯ ಮಾನ್ಯತೆಯೊಂದಿಗೆ ರಾಷ್ಟ್ರಧ್ವಜ ತಯಾರಾಗುತ್ತದೆ. ಸ್ವತಂತ್ರ ಭಾರತದ ಮಾನಕಗಳ ಸಾಲಿನಲ್ಲಿ ಒಂದನೇ ಸಂಖ್ಯೆಯದು ಧ್ವಜದ್ದೇ, ಹೆಲ್ಮೆಟ್ಟಿನದು 4151. ಧ್ವಜಕ್ಕೆ ಒಂಬತ್ತು ಅಳತೆಗಳಿವೆ. ಮೇಜಿನ ಮೇಲಿಡುವ 150 ಮಿಲಿಮೀಟರ್ ಉದ್ದದ್ದರಿಂದ ಹಿಡಿದು ದೊಡ್ಡ ಕಂಬಕ್ಕೆ ಏರಿಸುವ 6,300 ಮಿಲಿಮೀಟರಿನದರವರೆಗೆ. ಬಟ್ಟೆಯ ನೂಲು, ಬಣ್ಣ, ಚಕ್ರದ ಗೆರೆ ಎಲ್ಲಕ್ಕೂ ನಿಯಮ. ಕೂದಲೆಳೆಯಷ್ಟು ತಪ್ಪಿದರೂ ಅದನ್ನು ಪಕ್ಕಕ್ಕೆ ಇಡುತ್ತಾರೆ. ಧ್ವಜಕ್ಕೆ ಅದು ಶೋಭೆ. ಎಲ್ಲ ಕಡೆ ಒಂದೇ ಆಗಿರುವುದೇ ಅದರ ಅರ್ಥ. ಹೆಲ್ಮೆಟ್ಟಿನ ಮಾನಕದ ಗುರಿ ಬೇರೆ: ಎಲ್ಲರೂ ಒಂದೇ ರೀತಿ ಉಳಿಯಬೇಕು. ಅದಕ್ಕಾಗಿ ವಸ್ತು ಬೇರೆ ಬೇರೆಯಾಗಬೇಕಾಗುತ್ತದೆ. ಗುಣಮಟ್ಟ ಒಂದೇ ಇರಲಿ, ಅಳತೆ ಹಲವಿರಲಿ ಎನ್ನುವುದಕ್ಕೆ ಬೆಂಗೇರಿಯ ಒಂಬತ್ತು ಅಳತೆಗಳೇ ಹತ್ತಿರದ ಪಾಠ.

ಇದು ಆಗದ ಮಾತೇನಲ್ಲ. ನಮ್ಮ ರಸ್ತೆಯ ಮೇಲಿನ ಪ್ರತಿ ಬೈಕಿನ ಹಿಂಗಾಲಿಯ ಪಕ್ಕದಲ್ಲೇ ಇದಕ್ಕೆ ಸಾಕ್ಷಿ ಇದೆ. ಯಂತ್ರವನ್ನು ಕಂಡುಹಿಡಿದವರು ಸೀರೆಯನ್ನು ಕಂಡವರಲ್ಲ. ಸೆರಗು ಚಕ್ರಕ್ಕೆ ಸಿಕ್ಕು ಹೆಂಗಸರು ಬೀಳುತ್ತಿದ್ದ ದೇಶದಲ್ಲಿ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹಿಂಗಾಲಿಯ ಅರ್ಧದಷ್ಟಾದರೂ ಮುಚ್ಚುವ ರಕ್ಷಣೆ ಇರಲೇಬೇಕು, ಹಿಂದೆ ಕೂರುವವರಿಗೆ ಕೈಹಿಡಿಕೆ, ಕಾಲಿಡಲು ಜಾಗ ಇರಲೇಬೇಕು ಎಂದಿತು. ಸೀರೆ ಉಟ್ಟವಳು ಬೈಕ್ ಹತ್ತಬಾರದು ಎನ್ನಲಿಲ್ಲ, ಬೈಕನ್ನೇ ಬದಲಿಸಿಕೊಳ್ಳಿ ಎಂದಿತು. ಮಾಡುವವರು ಮಾಡಿದರು. ಸೀರೆಗೆ ಸಿಕ್ಕ ಆ ಮರ್ಯಾದೆ ತುರುಬು ಕಟ್ಟಿದ ಸಣ್ಣ ತಲೆಗೂ ನನ್ನಂಥ ದೊಡ್ಡ ತಲೆಗೂ ಸಿಗಬೇಕು. ಮಾರಾಟಗಾರನ ಬಳಿ ಎಲ್ಲ ಅಳತೆ ದಾಸ್ತಾನು ಇರದಿದ್ದರೂ, ತರಿಸಿಕೊಡುವ ಹೊಣೆ ಕಂಪನಿಯ ಮೇಲೆ ಇರಲಿ. ಬೈಕಿನ ಜೊತೆ ಕೊಡುವ ಹೆಲ್ಮೆಟ್ಟನ್ನು ತಲೆ ಅಳೆದು ಕೊಡಲಿ. ಪರೀಕ್ಷೆಯ ಕೃತಕ ತಲೆಗಳ ಸಾಲಿಗೆ ಇನ್ನೊಂದು ದೊಡ್ಡದು ಸೇರಲಿ.

ನಮ್ಮ ಮನೆಯ ಮಟ್ಟಿಗೆ ಅವ್ವನದು ಬಗೆಹರಿದಿದೆ. 540ರ ಒಂದು ಹೆಲ್ಮೆಟ್ ಊರೂರು ವಿಚಾರಿಸಿ ತರಿಸಿದೆ. ಅದರ ಕೆನ್ನೆಯ ಮೆತ್ತೆಗಳನ್ನು ತೆಗೆದು ದಪ್ಪನೆಯವು ಹಾಕುವ ಅನುಕೂಲವನ್ನು ಕಂಪನಿಯೇ ಕೊಟ್ಟಿತ್ತು. ತುರುಬನ್ನು ಬಿಚ್ಚಿ ಕೆಳಗೆ ಜಡೆ ಹಾಕಿಕೊಂಡರೆ ಅಲುಗಾಡುವುದಿಲ್ಲ. ಮೊದಲ ದಿನ ಹಾಕಿಕೊಂಡು ತಲೆಯನ್ನು ಎಡಕ್ಕೂ ಬಲಕ್ಕೂ ಜಾಡಿಸಿ ನೋಡಿ, "ಈಗ ನಂದ ಅನಸ್ತದ ನೋಡಪಾ," ಎಂದಳು. ನನ್ನ ಜಾಕೆಟ್ಟಿನ ತೋಳನ್ನು ಟೇಲರ್ ಕಾಕಾ ಬಿಚ್ಚಿ, ಮೊಣಕೈಯ ಗುರಾಣಿ ಮೊಣಕೈಯಲ್ಲೇ ಕೂರುವ ಹಾಗೆ ಮತ್ತೆ ಹೊಲಿದುಕೊಟ್ಟ. ಹೆಲ್ಮೆಟ್ಟನ್ನು ಅವನ ಮುಂದೆ ಇಟ್ಟಾಗ ಒಳಗೆ ಬೆರಳಾಡಿಸಿ ನೋಡಿ, "ಇದು ನನ್ನ ಕೆಲಸ ಅಲ್ಲೋ ತಮ್ಮಾ," ಎಂದು ತಿರುಗಿ ಕೊಟ್ಟ. 64ರದು ಇನ್ನೂ ಸಿಕ್ಕಿಲ್ಲ. ಅದು ಸಿಗುವವರೆಗೆ ಧಾರವಾಡಕ್ಕೆ ಬಸ್ಸಿನಲ್ಲೇ ಹೋಗಿ ಬರುತ್ತಿದ್ದೇನೆ.